ಬಾಯಿ ಮೊದಲು, ಕೈ ಆಮೇಲೆ

ನಾನು ಕರಾಟೆ ಕಲಿತವಳು ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ, ಯಾವ ಬೆಲ್ಟು? ಈಗ ನಾನಿರುವ ಶ್ರೀರಂಗಪಟ್ಟಣದಲ್ಲಿ ಬೆಳಗ್ಗೆ ವಾಕಿಂಗಿಗೆ ಸಿಗುವ ಹೆಂಗಸರೂ ಅದನ್ನೇ ಕೇಳುತ್ತಾರೆ. ಬೆಲ್ಟು ಇಲ್ಲ ಎಂದರೆ ಅವರ ಮುಖದಲ್ಲಿ ಒಂದು ಕನಿಕರ ಮೂಡುತ್ತದೆ, ಅರ್ಧಕ್ಕೇ ಬಿಟ್ಟಿರಬೇಕು ಪಾಪ ಎನ್ನುವ ಹಾಗೆ. ನಾನು ಯಾವುದನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಬೂಕನಕೆರೆಯ ನಮ್ಮ ಮನೆಯಲ್ಲಿ ಕರಾಟೆ ಇತ್ತು, ಬೆಲ್ಟು ಇರಲಿಲ್ಲ, ಬಿಳಿ ಬಟ್ಟೆ ಇರಲಿಲ್ಲ, ಜಪಾನಿನ ಒಂದು ಮಾತೂ ಇರಲಿಲ್ಲ. ದನದ ಕೊಟ್ಟಿಗೆ ಇತ್ತು, ಅಪ್ಪ ಇದ್ದ, ಅಪ್ಪನ ಹಟ ಇತ್ತು. ಅಪ್ಪನಿಗೆ ಈಗ ವಯಸ್ಸಾಗಿದೆ, ನನಗೂ ಕೂದಲು ಬೆಳ್ಳಗಾಗಿದೆ. ಆದರೂ ಆ ಕೊಟ್ಟಿಗೆಯನ್ನು ನೆನೆಸಿಕೊಂಡರೆ ನನಗೆ ಮೊದಲು ಬರುವುದು ಸಿಟ್ಟು. ಅಕ್ಕರೆ ಬರುವುದು ಆಮೇಲೆ, ಅದೂ ಬಂದರೆ ಬಂತು.

ಅಪ್ಪನ ಕರಾಟೆ ಎಲ್ಲೆಲ್ಲಿಂದಲೋ ತಂದು ಕಲಸಿದ್ದು. ಹರೆಯದಲ್ಲಿ ಅವನು ಕಬ್ಬಿನ ಟ್ರಾಕ್ಟರು ಓಡಿಸುತ್ತಿದ್ದ. ಪಾಂಡವಪುರದ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು ನಿಂತುಬಿಟ್ಟರೆ ಹಗಲು ರಾತ್ರಿ ಅಲುಗುತ್ತಿರಲಿಲ್ಲವಂತೆ. ಆ ಸಾಲಿನಲ್ಲಿ ಇವನ ಹಿಂದಿನ ಗಾಡಿಯವನು ಮಿಲಿಟರಿಯಿಂದ ಬಂದವನು. ಹೊತ್ತು ಹೋಗದೆ ಅವನು ಅಪ್ಪನಿಗೆ ಗುದ್ದುವುದನ್ನೂ ತಡೆಯುವುದನ್ನೂ ಹೇಳಿಕೊಟ್ಟ. ಆಮೇಲೆ ಶ್ರೀರಂಗಪಟ್ಟಣದ ಒಂದು ಗರಡಿಗೆ ಹೋಗಿ ಕುಸ್ತಿಯ ಪಟ್ಟುಗಳನ್ನು ಕಲಿತ. ದೊಣ್ಣೆ ವರಸೆಯಂತೂ ಚಿಕ್ಕಂದಿನಿಂದಲೇ ಗೊತ್ತಿತ್ತು, ಯಾಕೆಂದರೆ ಅಜ್ಜಿಯ ತವರು ನಾಗಮಂಗಲ ಕಡೆಯ ದೇವಲಾಪುರ, ಅಲ್ಲಿಯ ಹೊಲಗಳಲ್ಲಿ ದೊಣ್ಣೆ ತಿರುಗಿಸದ ಗಂಡಸೇ ಇರಲಿಲ್ಲ. ಈ ಎಲ್ಲವನ್ನೂ ಒಂದಕ್ಕೊಂದು ಬೆರೆಸಿ, ಬೇಡದ್ದನ್ನು ತೆಗೆದುಹಾಕಿ, ಅಪ್ಪ ಅದಕ್ಕೆ ಬಿಡಿಸಿಕೊಳ್ಳುವ ಕರಾಟೆ ಎಂದು ಹೆಸರಿಟ್ಟ. ಊರಿನವರು ಕೊಟ್ಟಿಗೆ ಕರಾಟೆ ಎಂದರು. ಹೆಣ್ಣುಮಕ್ಕಳಿಗೆ ಯಾಕೆ ಕಲಿಸುತ್ತೀಯ ಎಂದು ಯಾರಾದರೂ ಕೇಳಿದರೆ ಒಂದು ಕತೆ ಹೇಳುತ್ತಿದ್ದ. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಗಂಡಸು ಒಂದು ಹುಡುಗಿಯ ಕೈ ಹಿಡಿದು ಎಳೆಯುತ್ತಿದ್ದನಂತೆ, ಅವಳ ಬಾಯಿಂದ ಸದ್ದೇ ಹೊರಡಲಿಲ್ಲವಂತೆ.

"ಅವ್ಳು ಒಂದೇ ಒಂದ್ಸಲ ಕೂಗಿದ್ರೆ ನಾವೆಲ್ಲ ಓಡೋಗ್ತಿದ್ವಿ ಕಣ್ರಯ್ಯ. ಕೂಗ್ಲೇ ಇಲ್ಲ ಅವ್ಳು."

ಕಣ್ಣಿಗೆ ಕಂಡಿತ್ತಲ್ಲ, ಕಿವಿಗೂ ಕೇಳಬೇಕಿತ್ತೇ ಎಂದು ಆಗ ನನಗೆ ತೋಚಲಿಲ್ಲ. ಕೇಳುತ್ತಿದ್ದ ದೊಡ್ಡವರು ಯಾರಿಗೂ ತೋಚಲಿಲ್ಲ.

ನಮ್ಮದು ನಾಡಹೆಂಚಿನ ಉದ್ದನೆಯ ಮನೆ. ಮುಂದೆ ಜಗಲಿ, ಒಳಗೆ ಪಡಸಾಲೆ, ಪಡಸಾಲೆಯ ಮಗ್ಗುಲಿಗೇ ಕೊಟ್ಟಿಗೆ, ಹಿಂದುಗಡೆ ಅಡುಗೆಮನೆ. ದನವೂ ಮನುಷ್ಯರೂ ಒಂದೇ ಬಾಗಿಲಿನಿಂದ ಓಡಾಡುತ್ತಿದ್ದೆವು. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ಅಪ್ಪ ದನಗಳನ್ನು ಹೊರಗೆ ಕಟ್ಟಿ, ಕೊಟ್ಟಿಗೆಯ ಕಲ್ಲುಚಪ್ಪಡಿ ತೊಳೆದು, ಅದು ಒಣಗುವ ಮೊದಲೇ ನನ್ನನ್ನೂ ಊರಿನ ಹುಡುಗಿಯರನ್ನೂ ನಿಲ್ಲಿಸುತ್ತಿದ್ದ. ಒಣ ನೆಲ ನೋಡಿಕೊಂಡು ಯಾರೂ ಕೈ ಹಿಡಿಯಲು ಬರುವುದಿಲ್ಲ ಎಂಬುದು ಅವನ ವಾದ. ಲಂಗ ದಾವಣಿಯಲ್ಲೇ ನಿಲ್ಲಬೇಕು, ಒಂದು ಕೈಯಲ್ಲಿ ನೀರು ತುಂಬಿದ ಕೊಡ ಇರಬೇಕು. ಸೊಂಟದಿಂದ ಮೇಲಕ್ಕೆ ಕಾಲು ಎತ್ತುವ ಹಾಗಿಲ್ಲ, ಸೀರೆ ಉಟ್ಟವಳಿಗೆ ಅದರಿಂದ ಏನು ಉಪಯೋಗ ಎನ್ನುತ್ತಿದ್ದ. ಮಣಿಕಟ್ಟು ಹಿಡಿದವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಕಿತ್ತುಕೊಳ್ಳಬೇಕು, ಹಿಮ್ಮಡಿಯಿಂದ ಅವನ ಪಾದ ತುಳಿಯಬೇಕು, ಕೈಯಲ್ಲಿದ್ದದ್ದನ್ನು ಮುಖಕ್ಕೆ ಎಸೆಯಬೇಕು, ಓಡಬೇಕು. ಗೆಲ್ಲುವ ಮಾತೇ ಅದರಲ್ಲಿರಲಿಲ್ಲ. ಓಡಿಹೋಗುವುದೇ ಗೆಲುವು. ಬಳೆ ಒಡೆದಾವು ಎಂದು ಕ್ಲಾಸಿಗೆ ಮುಂಚೆ ಎಲ್ಲರ ಬಳೆಯನ್ನೂ ತೆಗೆಸಿ ಗೂಡಿನಲ್ಲಿ ಇಡಿಸುತ್ತಿದ್ದ. ಇಷ್ಟೆಲ್ಲಕ್ಕೂ ಮುಂಚೆ ಒಂದು ಕೂಗು. ಜಪಾನಿನವರ ಕೂಗನ್ನು ಬಿಟ್ಟು ಅಪ್ಪ ನಮ್ಮ ಕಡೆಯದೇ ಒಂದು ಮಾತನ್ನು ಆರಿಸಿಕೊಂಡಿದ್ದ, ಬುಡ್ಲಾ, ಕೈ ಬಿಡೋ ಎಂದು.

"ಬಾಯಿ ಮೊದ್ಲು, ಕಯ್ಯಿ ಆಮ್ಯಾಕೆ, ಕಾಲು ಕಡೀಕೆ. ಕೂಗ್ದೆ ಕಯ್ಯೆತ್ತಿದ್ರೆ ನಾನು ಲೆಕ್ಕಕ್ಕೇ ತಕ್ಕಳಾಕಿಲ್ಲ."

ಈಗ ಅಜ್ಜಿಯ ವಿಷಯ ಹೇಳಬೇಕು. ಅಪ್ಪನ ತಾಯಿ, ಮನೆಯ ಯಜಮಾನಿ, ದಿನವಿಡೀ ಜಗಲಿಯ ಮೇಲೆ ಕುಳಿತು ಎಲೆಅಡಿಕೆ ಕುಟ್ಟುತ್ತಿದ್ದವಳು. ಅವಳ ಮನೆಯಲ್ಲಿ ಹೆಂಗಸರ ದನಿ ಜಗಲಿಗೆ ಕೇಳಬಾರದು. ಅದಕ್ಕೆ ಕಾರಣ ಏನೆಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಹಾಗಾಗಿ ನಮ್ಮವ್ವ ಮದುವೆಯಾಗಿ ಬಂದಾಗಿನಿಂದ ಯಾರನ್ನೂ ಕರೆದವಳಲ್ಲ. ಊಟಕ್ಕೆ ಕರೆಯಬೇಕಾದರೆ ಸೌಟಿನಿಂದ ಪಾತ್ರೆಯ ಅಂಚಿಗೆ ತಟ್ಟುತ್ತಿದ್ದಳು. ಯಾರಾದರೂ ಬಂದಿದ್ದಾರೆ ಎಂದರೆ ಬಾಗಿಲ ಸಂದಿಯಲ್ಲಿ ಬಳೆ ಅಲುಗಿಸುತ್ತಿದ್ದಳು. ಸಿಟ್ಟು ಬಂದರೆ ಮುದ್ದೆ ತಿರುವುವ ಕೋಲನ್ನು ಮಡಕೆಯ ಕಂಠಕ್ಕೆ ಬಡಿಯುತ್ತಿದ್ದಳು, ಆ ಸದ್ದು ಕೇಳಿದರೆ ಅಪ್ಪ ಕೊಟ್ಟಿಗೆಯ ಕಡೆ ಏನೋ ಕೆಲಸ ನೆನಪಾದವನ ಹಾಗೆ ಎದ್ದು ಹೋಗುತ್ತಿದ್ದ. ಗಂಡ ಹೆಂಡತಿ ಜಗಳವಾಡಿದರೂ ನಮಗೆ ಕೇಳುತ್ತಿದ್ದದ್ದು ಅಪ್ಪನ ಮಾತು ಮತ್ತು ಅವ್ವನ ಪಾತ್ರೆ. ಮನೆಗೆ ಬಂದವರು ಆಹಾ, ಎಷ್ಟು ನಿಶ್ಶಬ್ದವಾದ ಸೊಸೆ ಎಂದು ಹೊಗಳುತ್ತಿದ್ದರು. ಇಷ್ಟು ಸದ್ದು ಮಾಡುವ ಅಡುಗೆಮನೆ ಊರಲ್ಲೇ ಇನ್ನೊಂದಿರಲಿಲ್ಲ.

ಬೇರೆ ಮನೆಯ ಹುಡುಗಿಯರು ಕೊಟ್ಟಿಗೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಅಜ್ಜಿಗೆ ಅದು ಲೆಕ್ಕವಿರಲಿಲ್ಲ, ಬೇರೆಯವರ ಮಕ್ಕಳು, ಅವರವರ ಹಣೆಬರಹ. ನನ್ನ ಗೆಳತಿ ಸುಧಾ ಕೂಗಿದರೆ ಹೊರಗೆ ಕಟ್ಟಿದ ಎಮ್ಮೆ ಹಗ್ಗ ಜಗ್ಗುತ್ತಿತ್ತು. ಅವಳಿಗೆ ಕೈ ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ, ನನಗೆ ಅದು ನೀರು ಕುಡಿದ ಹಾಗೆ ಬರುತ್ತಿತ್ತು. ಅಪ್ಪನ ಕೈಯಿಂದಲೇ ಬಿಡಿಸಿಕೊಳ್ಳುತ್ತಿದ್ದೆ. ಆದರೆ ನನ್ನ ಸರದಿ ಬಂದು ನಾನು ಬಾಯಿ ತೆರೆದ ಕೂಡಲೇ ಜಗಲಿಯಿಂದ ಒಂದು ಕೆಮ್ಮು. ಅಷ್ಟೇ. ಅಜ್ಜಿ ಬೈಯುತ್ತಿರಲಿಲ್ಲ, ಎದ್ದು ಬರುತ್ತಿರಲಿಲ್ಲ, ಕೆಮ್ಮುತ್ತಿದ್ದಳು. ನಾನು ಕೂಗದೆಯೇ ಕೈ ಕಿತ್ತುಕೊಂಡು, ಪಾದ ತುಳಿದು, ನೀರು ಎರಚಿ ಓಡಿ ಬಾಗಿಲ ಬಳಿ ನಿಲ್ಲುತ್ತಿದ್ದೆ. ಅಪ್ಪ ಮುಖದ ನೀರು ಒರೆಸಿಕೊಂಡು ತಲೆ ಆಡಿಸುತ್ತಿದ್ದ.

"ಇಲ್ಲ ಕಣಮ್ಮಿ. ಇದು ಆಗ್ಲಿಲ್ಲ. ಸಬ್ದ ಎಲ್ಲಿ?"

"ಅಜ್ಜಿ ಕೂತವ್ಳೆ."

"ಅಜ್ಜಿ ಇದ್ರೆ ಏನಾಯ್ತದೆ? ಕೂಗು."

"ನೀನೇ ಅಜ್ಜಿಗೆ ಯೋಳಪ್ಪ, ಸುಮ್ನಿರವ್ವ ಅಂತ."

ಹೀಗೆ ಹೇಳಿದಾಗ ಅಪ್ಪ ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಿದ್ದ. ಊರಿನ ಹುಡುಗಿಯರಿಗೆಲ್ಲ ಕೂಗುವುದನ್ನು ಕಲಿಸುವ ಮನುಷ್ಯ, ತಾಯಿಯ ಮುಂದೆ ಗೋಡೆಗೆ ಒರಗಿ ಪಿಸುಗುಟ್ಟುತ್ತಿದ್ದ. ಎತ್ತು ಮಾರುವ ವಿಷಯವಾದರೂ ಅಷ್ಟೇ, ಹೊಸ ಅಂಗಿಯ ವಿಷಯವಾದರೂ ಅಷ್ಟೇ. ಇದನ್ನು ನಾನು ದಿನವೂ ನೋಡುತ್ತಿದ್ದೆ. ಒಂದು ದಿನ ಕ್ಲಾಸಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಕೈ ಹಿಡಿದವನು ನಾವು ಬನ್ನಿ ಹೋಗಿ ಎನ್ನಬೇಕಾದ ದೊಡ್ಡವನಾಗಿದ್ದರೆ ಏನು ಮಾಡುವುದು, ಅವನಿಗೂ ಬುಡ್ಲಾ ಎನ್ನುವುದೇ ಎಂದು. ಹುಡುಗಿಯರೆಲ್ಲ ನಕ್ಕರು, ಅಪ್ಪನೂ ನಕ್ಕ. ದೊಡ್ಡೋರು ಯಾಕಮ್ಮಿ ಇಡ್ಕತರೆ ಎಂದ. ಅಪ್ಪನ ಕರಾಟೆಯಲ್ಲಿ ಕೈ ಹಿಡಿಯುವವನು ಯಾವಾಗಲೂ ಗುರುತಿಲ್ಲದವನು, ಬಸ್‌ಸ್ಟ್ಯಾಂಡಿನಲ್ಲಿ ನಿಂತವನು.

ಹತ್ತನೇ ತರಗತಿ ಪಾಸಾದ ಮೇಲೆ ನನ್ನನ್ನು ಕೆ.ಆರ್. ಪೇಟೆಯ ಕಾಲೇಜಿಗೆ ಸೇರಿಸಿದರು. ಸೇರಿಸಿದ ದಿನವೇ ಅಪ್ಪ ಪಡಸಾಲೆಯಲ್ಲಿ ನಿಂತು ಒಂದು ಷರತ್ತು ಹಾಕಿದ.

"ಬಸ್ಸಲ್ಲಿ ಒಬ್ಳೇ ಓಗಂಗಿಲ್ಲ. ಯಾವತ್ತು ನೀನು ಕೂಗ್ತೀಯೋ ಅವತ್ತು ಬಸ್ಸು. ಅಲ್ಲೀಗಂಟ ನಾನೇ ಗಾಡೀಲಿ ಬುಟ್ಟು ಕರ್ಕಂಬತ್ತೀನಿ."

ಗಾಡಿ ಎಂದರೆ ಹಾಲಿನ ಕ್ಯಾನು ಕಟ್ಟುವ ಮೊಪೆಡ್ಡು. ಕ್ಯಾನು ಇಳಿಸಿದ ಜಾಗದಲ್ಲಿ ನಾನು. ಡೈರಿಯಲ್ಲಿ ತಡವಾದರೆ ನನಗೂ ತಡ, ಹಸು ಬೆದೆಗೆ ಬಂದರೆ ಅವತ್ತು ಕಾಲೇಜಿಲ್ಲ, ಗದ್ದೆಗೆ ನೀರು ಬಿಡುವ ಸರದಿ ಬಂದರೆ ಅವತ್ತೂ ಇಲ್ಲ. ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಅಪ್ಪ ಬರುವ ತನಕ ಗೇಟಿನ ಹುಣಸೆ ಮರದ ಕೆಳಗೆ ನಿಂತಿರಬೇಕು. ನನ್ನ ಮುಂದೆಯೇ ಸುಧಾ ಬಸ್ಸು ಹತ್ತಿ, ಕಿಟಕಿಯಿಂದ ಕೈ ಬೀಸಿ ಹೋಗುತ್ತಿದ್ದಳು. ಕೈ ಬಿಡಿಸಿಕೊಳ್ಳಲು ಬಾರದ ಸುಧಾ! ಲೆಕ್ಚರರು ಒಂದು ದಿನ ಕರೆದು, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಶಾಂತವಾಗಿ, ಕೂಗು ಮತ್ತೆ, ಯಾರು ಬ್ಯಾಡ ಅಂದೋರು ಎಂದ. ಯಾರು ಬೇಡ ಎಂದವರು ಎಂದು ಅವನಿಗೆ ಗೊತ್ತಿರಲಿಲ್ಲವೇ? ಜಗಲಿಯ ಮೇಲೆ ಕುಟ್ಟಾಣಿಯ ಸದ್ದು ಅವನಿಗೂ ಕೇಳುತ್ತಿತ್ತು. ಒಳಗೊಬ್ಬ ಕೂಗು ಎನ್ನುತ್ತಾನೆ, ಹೊರಗೊಬ್ಬಳು ಕೂಗಬೇಡ ಎನ್ನುತ್ತಾಳೆ, ಇವರಿಬ್ಬರೂ ತಾವು ತಾವೇ ಮಾತಾಡಿಕೊಳ್ಳುವುದಿಲ್ಲ. ನಡುವೆ ಹೋಗುತ್ತಿದ್ದದ್ದು ನನ್ನ ಕಾಲೇಜು.

ಒಂದು ಭಾನುವಾರ ಅಪ್ಪ ನಮ್ಮನ್ನೆಲ್ಲ ಕರಿಘಟ್ಟಕ್ಕೆ ಕರೆದುಕೊಂಡು ಹೋದ. ಮೆಟ್ಟಿಲು ಓಡಿ ಹತ್ತಿಸುವುದು ನೆಪ. ಬೆಟ್ಟದ ಮೇಲೆ ಅಜ್ಜಿ ಇರುವುದಿಲ್ಲ ಎಂಬುದು ನಿಜವಾದ ಕಾರಣ. ಗುಡಿಯ ಹಿಂದುಗಡೆಯ ಬಂಡೆಯ ಮೇಲೆ ನಿಲ್ಲಿಸಿದ, ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ಕಡೆ ಹಸಿರು ಗದ್ದೆ. ಸುಧಾ ಕೂಗಿದಾಗ ಮುಡಿ ಕೊಟ್ಟು ಬಂದಿದ್ದ ಒಂದು ಸಂಸಾರವೇ ಗಾಬರಿಯಾಗಿ ತಿರುಗಿ ನೋಡಿತು. ಆಮೇಲೆ ನಾನು. ಉಸಿರು ಎಳೆದುಕೊಂಡೆ, ಬಾಯಿ ತೆರೆದೆ, ತೆರೆದ ಬಾಯಿಗೆ ನನ್ನ ಕೈಯೇ ಬಂದು ಮುಚ್ಚಿಕೊಂಡಿತು. ನಾನಾಗಿ ತಂದದ್ದಲ್ಲ ಅದು. ಮತ್ತೆ ಪ್ರಯತ್ನಪಟ್ಟೆ, ಮತ್ತೆ ಅದೇ. ಅಲ್ಲಿ ಕೆಮ್ಮುವವರು ಯಾರೂ ಇರಲಿಲ್ಲ. ಆ ಬಯಲಿನಲ್ಲೂ ನನಗೆ ಆಗಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಇಷ್ಟ್ ದೂರ ಕರ್ಕಂಬಂದಿವ್ನಿ. ಇಲ್ಯಾರವ್ರೆ ನಿನ್ನ ತಡ್ಯಾಕೆ?"

"ನಮ್ಮನೇಲಿ ಒಂದ್ಸಲ ಕೂಗುಸು. ಅಜ್ಜಿ ಮುಂದೆ ನಿಂತ್ಕಂಡು ಕೂಗುಸು. ಆಮ್ಯಾಕೆ ನೀನು ಯೋಳಿದ್ ಕಡೇಲಿ ಕೂಗ್ತೀನಿ."

ಅಪ್ಪ ಬಾಳೆಹಣ್ಣು ಕಿತ್ತುಕೊಳ್ಳಲು ಬಂದ ಕೋತಿಯ ಕಡೆ ನೋಡಿ, ನಡೀರಿ ನಡೀರಿ, ಬಿಸಿಲಾಯ್ತು ಎಂದ. ಅವತ್ತು ರಾತ್ರಿ ನಾನು ಮುದ್ದೆ ಮುಟ್ಟಲಿಲ್ಲ. ಅವ್ವ ಉಪ್ಸಾರಿನ ಬಟ್ಟಲನ್ನು ನನ್ನ ಕಡೆ ತಳ್ಳಿ, ಒಲೆಯ ಮುಂದೆ ಮೆಲ್ಲಗೆ ಹೇಳಿದಳು.

"ನಾನು ಮದ್ವೆಗ್ ಮುಂಚೆ ನಮ್ಮೂರ ಬೋರೆ ಮ್ಯಾಲೆ ನಿಂತು ಕುರಿ ಕರ್ದ್ರೆ ಆಚೆ ಕೆರೆ ಏರಿಗಂಟ ಕೇಳ್ತಿತ್ತು ಕಣಮ್ಮಿ. ಇಲ್ಲಿಗ್ ಬಂದ್ಮ್ಯಾಕೆ ಕರ್ಯಾಕೆ ಬರಾಕಿಲ್ಲ."

ಅವಳಿಗೆ ಅದರಿಂದ ದುಃಖವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ, ರಾಗಿ ತೀರಿತು ಎಂದಷ್ಟೇ ಸಲೀಸಾಗಿ ಹೇಳಿದ್ದಳು. ನನಗೆ ಮಾತ್ರ ಹೆದರಿಕೆಯಾಯಿತು. ನಾನೂ ನಾಳೆ ಇನ್ನೊಬ್ಬರ ಅಡುಗೆಮನೆಯಲ್ಲಿ ಸೌಟು ತಟ್ಟುತ್ತಾ ಕೂರುತ್ತೇನೆ ಎಂದು ಸ್ಪಷ್ಟವಾಗಿ ಕಂಡಿತು.

ಮಾರ್ನಮಿ ಹಬ್ಬ ಬಂತು. ನಮ್ಮ ಕಡೆ ಅದು ತೀರಿಕೊಂಡ ಹಿರಿಯರ ಹಬ್ಬ. ಅವರ ಹೆಸರಿನಲ್ಲಿ ಹೊಸ ಬಟ್ಟೆ, ಕೋಳಿ ಸಾರು, ಕುರಿ ಬಾಡು, ಒಬ್ಬಟ್ಟು, ಅವರು ಇಷ್ಟಪಟ್ಟ ಬೀಡಿಯ ತನಕ ಎಲ್ಲವನ್ನೂ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋದ ಮೇಲೆ ನಮ್ಮ ಊಟ. ಅವತ್ತು ಎಲೆಯ ಮೇಲಿಂದ ಯಾರೂ ಅರ್ಧಕ್ಕೆ ಏಳಬಾರದು, ಎದ್ದರೆ ಹಿರಿಯರೇ ಎದ್ದು ಹೋದಂತೆ ಎಂದು ಅಜ್ಜಿ ಪ್ರತಿ ವರ್ಷವೂ ಹೇಳುತ್ತಿದ್ದಳು. ಆ ಸಲ ದೇವಲಾಪುರದಿಂದ ಮಾವ ಬಂದಿದ್ದ. ಅಜ್ಜಿಯ ತಮ್ಮನ ಮಗ ಅವನು, ಅಪ್ಪನ ಅಕ್ಕನನ್ನು ಮದುವೆಯಾಗಿ ಮನೆಗೆ ಅಳಿಯನೂ ಆಗಿದ್ದ. ಮೊದಲ ಎಲೆ ಅವನಿಗೇ ಹಾಕಬೇಕು, ಅವನು ಕೈ ಇಟ್ಟ ಮೇಲೆ ಉಳಿದವರು. ಅಪ್ಪನಿಗೆ ದೊಣ್ಣೆ ಹಿಡಿಯುವುದನ್ನು ಕಲಿಸಿದವನೂ ಅವನೇ. ಒಳ್ಳೆಯ ಎತ್ತರದ ಆಳು, ಅಂಗೈ ಮೊರದ ಹಾಗಿತ್ತು. ಅವನಿಗೊಬ್ಬ ಮಗನಿದ್ದ, ಆ ಮಗನಿಗೆ ನನ್ನನ್ನು ಕೇಳುವ ಮಾತು ಎರಡು ಮನೆಯಲ್ಲೂ ಆಗಾಗ ಬರುತ್ತಿತ್ತು. ಯಾರೂ ಹೌದು ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ.

ಪಡಸಾಲೆಯಲ್ಲಿ ಗಂಡಸರ ಪಂಕ್ತಿ. ಮಾವ, ಅವನ ಪಕ್ಕದಲ್ಲಿ ಅಪ್ಪ, ಆಮೇಲೆ ನಂಟರು. ನಾನು ಹಬ್ಬಕ್ಕೆ ತೊಟ್ಟಿದ್ದ ಹೊಸ ಗಾಜಿನ ಬಳೆ ಕೈತುಂಬಾ ಇದ್ದವು. ಬಲಗೈಯಲ್ಲಿ ಸಾರಿನ ಪಾತ್ರೆ ಹಿಡಿದು ಬಗ್ಗಿದಾಗ ಮಾವ ಎಡಗೈ ಚಾಚಿ ನನ್ನ ಎಡ ಮಣಿಕಟ್ಟು ಹಿಡಿದುಕೊಂಡ. ಅವನ ಬಲಗೈ ಅನ್ನದಲ್ಲೇ ಇತ್ತು.

"ಏನೋ ಇದ್ಯೆ ಕಲಿಸವ್ನಂತಲ್ಲ ನಿಮ್ಮಪ್ಪ. ಬುಡುಸ್ಕಾ ನೋಡಾನ. ಬುಡುಸ್ಕಂಡ್ರೆ ಕಾಲೇಜ್ಗೋಗು. ಇಲ್ದಿದ್ರೆ ದೀಪಾವಳಿ ಕಳ್ದ್ಮ್ಯಾಕೆ ನಮ್ಮನೆಗ್ ಬಂದ್ಬುಡು, ಸೊಸೆಯಾಗಿ."

ಪಂಕ್ತಿ ನಕ್ಕಿತು. ನಾನೂ ಮುಖಕ್ಕೆ ಒಂದು ನಗು ತಂದುಕೊಂಡೆ, ಸ್ವಲ್ಪ ಹೊತ್ತಿಗೆ ಬಿಡುತ್ತಾನೆ ಎಂದು. ಬಿಡಲಿಲ್ಲ. ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿದೆ, ಕೊಟ್ಟಿಗೆಯಲ್ಲಿ ತಿರುಗಿಸುವ ಹಾಗೆಯೇ. ಬಳೆಗಳು ಅವನ ಹಿಡಿತದೊಳಗೇ ಪುಡಿಯಾಗಿ ನನ್ನ ಚರ್ಮದೊಳಕ್ಕೆ ಹೋದವು. ಅಪ್ಪನ ಪಾಠದಲ್ಲಿ ಬಳೆ ಇರಲಿಲ್ಲ. ಬಿಸಿ ಸಾರು ಕೈಯಲ್ಲಿತ್ತು, ಅದನ್ನು ಮುಖಕ್ಕೆ ಎಸೆಯಬೇಕು ಎಂದು ಪಾಠ. ಹಿರಿಯರಿಗೆ ಎಡೆ ಇಟ್ಟ ಸಾರನ್ನು ಮನೆಯ ಅಳಿಯನ ಮುಖಕ್ಕೆ ಎಸೆಯುವುದು ಹೇಗೆ? ಅವನು ಚಕ್ಕಳಮಕ್ಕಳ ಹಾಕಿ ಕುಳಿತಿದ್ದ, ತುಳಿಯಲು ಪಾದವೇ ಸಿಗಲಿಲ್ಲ. ರಕ್ತ ಅವನ ಬೆರಳ ಸಂದಿಯಿಂದ ಬಾಳೆ ಎಲೆಯ ಅಂಚಿಗೆ ತೊಟ್ಟಿಕ್ಕಿತು. ಅವನು ಅದನ್ನು ನೋಡಿದ, ನೋಡಿಯೂ ಬಿಡಲಿಲ್ಲ. ನಾನು ಅಪ್ಪನ ಕಡೆ ತಿರುಗಿದೆ. ಒಂದು ಮೊಳ ದೂರದಲ್ಲಿ ಕುಳಿತಿದ್ದ ಅಪ್ಪ ತುತ್ತು ಕೈಯಲ್ಲೇ ಹಿಡಿದು, ಕಣ್ಣು ಅರಳಿಸಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದ. ಕಾಯುತ್ತಿದ್ದ. ನನ್ನ ಕೈ ಯಾರ ಹಿಡಿತದಲ್ಲಿದೆ, ಅದಕ್ಕೆ ಏನಾಗುತ್ತಿದೆ ಎಂಬುದು ಅವನಿಗೆ ಬೇಕಿರಲಿಲ್ಲ. ನಾನು ಕೂಗುತ್ತೇನೋ ಇಲ್ಲವೋ ಎಂಬುದಷ್ಟೇ ಬೇಕಿತ್ತು. ಜಗಲಿಯಿಂದ ಕೆಮ್ಮು ಬಂತು.

ಆಗ ನನಗೆ ಬಂದ ಸಿಟ್ಟು ಮಾವನ ಮೇಲಲ್ಲ.

"ಬುಡ್ಲಾ."

ಮನೆಯ ಹೆಂಚು ಅದುರುವ ಹಾಗೆ ಕೂಗಿದೆನಂತೆ. ಆಮೇಲೆ ಸುಧಾ ಹೇಳಿದಳು, ಅವರ ಹಿತ್ತಲಿಗೆ ಕೇಳಿಸಿತು ಎಂದು. ನನಗೆ ನೆನಪಿರುವುದು ಆಮೇಲಿನದಷ್ಟೇ. ಮಾವ ಕೈ ಬಿಟ್ಟ. ಅವನ ಮುಖ ಕಪ್ಪಿಟ್ಟಿತು. ಹೆಣ್ಣುಮಗು, ಅದೂ ಸೊಸೆಯಾಗಬೇಕಾದವಳು, ನಂಟರ ಪಂಕ್ತಿಯ ಮುಂದೆ ತನ್ನನ್ನು ಲಾ ಎಂದು ಕರೆದಳಲ್ಲ. ಅವನು ಎಲೆಯ ಮುಂದಿನಿಂದ ಎದ್ದ, ಕೈಯನ್ನೂ ತೊಳೆಯದೆ ಹೊರಗೆ ನಡೆದ. ಜಗಲಿಯ ಮೇಲೆ ಅಜ್ಜಿ ಎದೆ ಬಡಿದುಕೊಂಡು ಅಳಲು ಶುರುಮಾಡಿದಳು. ಹಿರೀಕರ ದಿನ ಅಳೀಮಯ್ಯ ಎಲೆ ಬುಟ್ಟು ಎದ್ದೋದ್ನಲ್ಲೋ ಎಂದು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಹೆಂಗಸರ ದನಿಯ ನಿಯಮ ಅವಳಿಗೆ ಅನ್ವಯಿಸುತ್ತಿರಲಿಲ್ಲ ಎಂದು ಕಾಣುತ್ತದೆ. ನಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಲೆ ಮಡಚಿದರು. ನಾನು ಸಾರಿನ ಪಾತ್ರೆಯನ್ನು ಕೆಳಗಿಟ್ಟು, ಚರ್ಮದಲ್ಲಿದ್ದ ಗಾಜಿನ ಚೂರನ್ನು ತೆಗೆಯುತ್ತಾ ನಿಂತಿದ್ದೆ. ಅಪ್ಪ ಮಾತ್ರ ಎದ್ದು ನಿಂತು, ಆಕಾಶವೇ ಕೈಗೆ ಸಿಕ್ಕಿದವನಂತೆ ನಗುತ್ತಿದ್ದ.

"ಕೂಗಿದ್ಲು. ನೋಡಿದ್ರಾ, ನನ್ ಮಗ್ಳು ಕೂಗಿದ್ಲು. ನಾಳೆಯಿಂದ ಬಸ್ಸು ಕಣಮ್ಮಿ."

ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಸೌಟು ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ಎಲ್ಲಿಯೂ ತಟ್ಟಲಿಲ್ಲ. ಪಡಸಾಲೆಗೆ ಬಂದು, ನಂಟರ ನಡುವೆ ನಿಂತು, ಅಜ್ಜಿಯ ಅಳುವನ್ನೂ ಮೀರಿ ಕೇಳುವ ದನಿಯಲ್ಲಿ ಅಪ್ಪನನ್ನು ಕೇಳಿದಳು.

"ಮಗೀಗೆ ರಕ್ತ ಬತ್ತಾ ಇತ್ತು. ಪಕ್ದಲ್ಲೇ ಕುಂತಿದ್ಯಲ್ಲ ನೀನು. ಎದ್ದು ಅವ್ನ ಕೈ ಬುಡ್ಸಾಕೆ ಆಗ್ಲಿಲ್ವಾ ನಿಂಗೆ?"

ಅಪ್ಪನ ನಗು ತಕ್ಷಣ ಹೋಗಲಿಲ್ಲ. ಪ್ರಶ್ನೆ ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ನಾನೇ ಬುಡಿಸಿದ್ರೆ ಅವ್ಳು ಕೂಗ್ತಿದ್ಲಾ? ಕಲೀತಿದ್ಲಾ?"

ಅವ್ವ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಅರಿಸಿನ ಮೆತ್ತಿದಳು. ಆ ರಾತ್ರಿ ಮನೆಯಲ್ಲಿ ಪಾತ್ರೆಯ ಸದ್ದೂ ಇರಲಿಲ್ಲ. ಮಾವನ ಮನೆಯ ಸಂಬಂಧದ ಮಾತು ಅಲ್ಲಿಗೇ ನಿಂತಿತು, ಹೋಗಿ ಬರುವುದೂ ಬಹಳ ಕಾಲ ನಿಂತಿತು, ಅದರ ತಪ್ಪೆಲ್ಲ ನನ್ನ ಬಾಯಿಯ ಮೇಲೆ ಬಂತು. ಕೈ ಹಿಡಿದವನ ಹೆಸರನ್ನು ಅಜ್ಜಿ ಕೊನೆಯ ತನಕ ಎತ್ತಲಿಲ್ಲ.

ಈಗ ನನ್ನ ಮೊಬೈಲಿಗೆ ಆತ್ಮರಕ್ಷಣೆಯ ವಿಡಿಯೋಗಳು ಬರುತ್ತವೆ. ಹೆಣ್ಣುಮಗು ಹೇಗೆ ನಿಲ್ಲಬೇಕು, ಹೇಗೆ ತಿರುಗಬೇಕು, ಎಲ್ಲಿ ಹೊಡೆಯಬೇಕು. ಚೆನ್ನಾಗಿಯೇ ಹೇಳುತ್ತಾರೆ, ಅಪ್ಪ ಹೇಳಿದ್ದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಅವನ ವಿದ್ಯೆ ಸುಳ್ಳಲ್ಲ ಎಂದು ನನಗೆ ಗೊತ್ತು. ಆಮೇಲೆ ಬಸ್ಸುಗಳಲ್ಲಿ, ಕೆಲಸದ ಜಾಗದಲ್ಲಿ, ಆ ಕೂಗು ನನಗೆ ಉಪಯೋಗಕ್ಕೂ ಬಂದಿದೆ. ಅದೇ ನನಗೆ ಇನ್ನೂ ರೇಗುವ ಸಂಗತಿ. ಪೂರ್ತಿ ತಪ್ಪು ಮಾಡಿದ್ದರೆ ಅವನನ್ನು ಬೈದು ಹಗುರಾಗಬಹುದಿತ್ತು.

ಹಬ್ಬದ ಮರುದಿನ ಬೆಳಗ್ಗೆ ಅಪ್ಪ ಹಾಲು ಹಾಕಿ ಬಂದು, ಮೊಪೆಡ್ಡನ್ನು ಗೋಡೆಗೆ ನಿಲ್ಲಿಸಿ, ನನ್ನ ಜೊತೆ ಬಸ್ಸು ನಿಲ್ಲುವ ಕಡೆಗೆ ನಡೆದು ಬಂದ. ಕೈಗೆ ಕಟ್ಟಿದ ಬಟ್ಟೆ ಕಾಣದಂತೆ ನಾನು ಪುಸ್ತಕಗಳನ್ನು ಎದೆಗೆ ಅವಚಿಕೊಂಡಿದ್ದೆ. ಟೀ ಅಂಗಡಿಯಲ್ಲಿ ಕುಳಿತವರಿಗೆಲ್ಲ ಅವನು, ನನ್ ಮಗ್ಳು ಕೂಗವ್ಳೆ, ಇನ್ಮ್ಯಾಕೆ ಒಬ್ಳೇ ಓಗ್ತಾಳೆ ಎಂದು ಹೇಳಿಕೊಂಡು ಬಂದ. ಕೆ.ಆರ್. ಪೇಟೆಯ ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಎಷ್ಟು ಆಸೆಪಟ್ಟಿದ್ದ ಸೀಟು ಅದು, ಕುಳಿತಾಗ ಏನೂ ಅನಿಸಲಿಲ್ಲ. ಅಪ್ಪ ಕಿಟಕಿಯ ಕೆಳಗೆ ಬಂದು ನಿಂತ. ಅವನ ಮುಖದ ಸಂತೋಷ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿತ್ತು.

"ಏನಾರ ಮಾತಾಡಮ್ಮಿ. ರಾತ್ರಿಯಿಂದ ನನ್ಕೂಡೆ ಒಂದ್ ಮಾತಾಡಿಲ್ವಲ್ಲ ನೀನು."

ಕಂಡಕ್ಟರು ಸೀಟಿ ಊದಿದ. ಅಪ್ಪ ಬಸ್ಸಿನ ತಗಡಿಗೆ ಕೈ ಇಟ್ಟುಕೊಂಡೇ ಜೊತೆಯಲ್ಲಿ ಸ್ವಲ್ಪ ದೂರ ನಡೆದು ಬಂದ, ನನ್ನ ಬಾಯಿಯನ್ನೇ ನೋಡುತ್ತಾ. ನಾನು ಅವನ ಜೊತೆ ಒಂದು ಮಾತೂ ಆಡಲಿಲ್ಲ.